ಟಿವಿ ಹೊರಲು ಗೋಡೆ ಒಪ್ಪಬೇಕು

ಭಾನುವಾರ ಬೆಳಿಗ್ಗೆ ಕಡೂರಿನ ಅಂಗಡಿಯಿಂದ ಹೊರಟ ಗೂಡ್ಸ್ ಆಟೊ ಹಿರೇನಲ್ಲೂರಿನ ಬೀದಿಯೊಂದರಲ್ಲಿ ಬಂದು ನಿಲ್ಲುತ್ತದೆ. ಚಪ್ಪಟೆ ಪೆಟ್ಟಿಗೆಯನ್ನು ಇಬ್ಬರು ನೆಟ್ಟಗೆ ಹಿಡಿದು ಹೊಸ್ತಿಲು ದಾಟಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಡ್ರಿಲ್ಲಿಂಗ್ ಮಷೀನ್ ಹಿಡಿದ ಹುಡುಗ ಬಂದು ಕೇಳುವುದು ಒಂದೇ ಮಾತು: ‘ಎಲ್ಲಿಗೆ ಹಾಕ್ಲಿ ಅಣ್ಣ?’

ಅಲ್ಲಿಗೆ ಮನೆಯಲ್ಲೊಂದು ಸಣ್ಣ ಪಂಚಾಯ್ತಿ ಶುರು. ದೇವರ ಫೋಟೊ ಸಾಲಿಗೇ ಬರಲಿ ಎಂದು ಯಜಮಾನರು. ‘ಇನ್ನೊಂದು ಗೇಣು ಮೇಲಕ್ಕೆ ಹಾಕಪ್ಪ, ಮಕ್ಕಳ ಕೈಗೆ ಸಿಗಬಾರ್ದು’ ಎಂದು ಸೊಸೆ. ಚಾಪೆಯ ಮೇಲೆ ಕಾಲು ಚಾಚಿ ಕೂತ ಅಜ್ಜಿಯದು ಬೇರೆಯದೇ ತಕರಾರು: ‘ಅಷ್ಟು ಮೇಲಕ್ಕೆ ಹಾಕಿದ್ರೆ ನನ್ ಕತ್ತಿನ ಗತಿ ಏನೋ ಮಗ?’ ಎಲ್ಲರ ಮಾತೂ ಆಗುತ್ತದೆ, ಗೋಡೆಯ ಮಾತೊಂದನ್ನು ಬಿಟ್ಟು.

ಟಿವಿ ಆರಿಸಲು ನಾವು ತಿಂಗಳುಗಟ್ಟಲೆ ಯೋಚಿಸುತ್ತೇವೆ. ಎಷ್ಟು ಇಂಚು, ಯಾವ ಕಂಪನಿ, ಕಂತು ಎಷ್ಟು ಎಂದು ನಾಲ್ಕು ಅಂಗಡಿ ಅಲೆಯುತ್ತೇವೆ. ಅದನ್ನು ಹೊರುವ ಸ್ಟ್ಯಾಂಡಿಗೆ, ಬ್ರಾಕೆಟ್ಟಿಗೆ ಸಿಗುವುದು ಐದು ನಿಮಿಷ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ದೊಡ್ಡ ಪರದೆಯ ಆಸೆ ಇನ್ನಷ್ಟು ಕೈಗೆಟುಕಿದೆ. ಪರದೆ ದೊಡ್ಡದಾದಂತೆ ಆ ಐದು ನಿಮಿಷದ ನಿರ್ಧಾರದ ತೂಕವೂ ಹೆಚ್ಚುತ್ತದೆ. ಬ್ರಾಕೆಟ್ ಆರಿಸುವಾಗ ಮೊದಲು ನೋಡಬೇಕಾದ್ದು ಟಿವಿಯನ್ನಲ್ಲ, ಗೋಡೆಯನ್ನು ಮತ್ತು ನೋಡುವವರು ಕೂರುವ ಜಾಗವನ್ನು.

ಡಬ್ಬ ಹೋಗಿ ಹಲಗೆ ಬಂತು

ಕರ್ನಾಟಕದ ಹಳ್ಳಿಗಳಿಗೆ ಟಿವಿ ಮೊದಲು ಬಂದದ್ದು ಮನೆಯ ವಸ್ತುವಾಗಿ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಭಾಗದ ಹಳ್ಳಿಗಳಲ್ಲಿ ಊರಿಗೊಂದರಂತೆ ಸಾರ್ವಜನಿಕ ಟಿವಿ ಇಟ್ಟಿದ್ದರು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ಬಣ್ಣ ಬಂತು. 1987ರಲ್ಲಿ ‘ರಾಮಾಯಣ’ ಶುರುವಾದಾಗ ಟಿವಿ ಇದ್ದ ಮನೆಯ ನಡುಮನೆ ಊರವರಿಂದ ತುಂಬುತ್ತಿತ್ತು.

ಆಗಿನ ಟಿವಿ ಗಾಜಿನ ಪಿಕ್ಚರ್ ಟ್ಯೂಬಿನದು. 21 ಇಂಚಿನದೇ ಇಪ್ಪತ್ತು ಕಿಲೊ ಮುಟ್ಟುತ್ತಿತ್ತು, 29 ಇಂಚಿನದು ನಲವತ್ತರ ಆಸುಪಾಸು. ತೂಕವೆಲ್ಲ ಮುಂಭಾಗದ ಗಾಜಿನಲ್ಲಿ, ಹಿಂದಕ್ಕೆ ಒಂದೂವರೆ ಅಡಿ ಉದ್ದದ ಡುಬ್ಬ. ಇದನ್ನು ಗೋಡೆಗೆ ನೇತುಹಾಕುವ ಮಾತೇ ಇರಲಿಲ್ಲ. ಷೋಕೇಸಿನೊಳಗೆ, ಚಕ್ರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಇಲ್ಲವೇ ಮೂಲೆಯಲ್ಲಿ ಗೋಡೆಯೊಳಕ್ಕೆ ಹೂತ ಕಡಪ ಕಲ್ಲಿನ ಮೇಲೆ ಅದು ಕೂರುತ್ತಿತ್ತು. ಆ ಕಲ್ಲನ್ನು ಆಳೆತ್ತರಕ್ಕೆ ಹಾಕಿಸುವುದು ರೂಢಿ. ಮಕ್ಕಳ ಕೈಗೆ ಸಿಗದು, ಹಿಂದೆ ಕೂತವರಿಗೂ ಕಾಣುತ್ತದೆ.

ಇಂದಿನ 43 ಇಂಚಿನ ಎಲ್‌ಇಡಿ ಟಿವಿ ಏಳರಿಂದ ಒಂಬತ್ತು ಕಿಲೊ. ಹೊಸ ಟಿವಿ ಬಂದಾಗ ಎರಡು ಹಳೆಯ ಅಭ್ಯಾಸಗಳು ಜೊತೆಗೇ ಉಳಿದುಕೊಂಡವು. ಒಂದು, ಎತ್ತರದಲ್ಲೇ ಹಾಕಬೇಕೆಂಬುದು. ಇನ್ನೊಂದು, ಇಷ್ಟು ಹಗುರವಾದದ್ದನ್ನು ಯಾವ ಗೋಡೆಯಾದರೂ ಹೊತ್ತೀತೆಂಬ ಧೈರ್ಯ. ಎರಡೂ ತಪ್ಪು ಲೆಕ್ಕ.

ಬೆನ್ನಿನ ನಾಲ್ಕು ತೂತು

ಟಿವಿಯನ್ನು ಮಗುಚಿ ನೋಡಿದರೆ ಬೆನ್ನ ಮೇಲೆ ನಾಲ್ಕು ತೂತುಗಳು ಚೌಕವಾಗಿಯೋ ಆಯತವಾಗಿಯೋ ಕಾಣುತ್ತವೆ. ಅವುಗಳ ನಡುವಿನ ಅಂತರ ಕಂಪನಿಗೊಂದು ಬಗೆಯದಲ್ಲ. 1989ರಲ್ಲಿ ಹುಟ್ಟಿದ ‘ವೆಸಾ’ ಎಂಬ ಅಂತರರಾಷ್ಟ್ರೀಯ ಸಂಘಟನೆ ಇದಕ್ಕೊಂದು ಸಮಾನ ಅಳತೆ ಗೊತ್ತುಮಾಡಿದೆ. ಮಾನಿಟರ್ ಮತ್ತು ಸಣ್ಣ ಟಿವಿಗಳಿಗೆ 75×75 ಇಲ್ಲವೇ 100×100 ಮಿಲಿಮೀಟರ್, ಅದಕ್ಕಿಂತ ದೊಡ್ಡವಕ್ಕೆ 200×100, 200×200, 300×300, 400×400 ಹೀಗೆ.

ಮೊದಲ ಸಂಖ್ಯೆ ಅಡ್ಡದ ಅಂತರ, ಎರಡನೆಯದು ಉದ್ದದ್ದು. ಟಿವಿಯ ಕೈಪಿಡಿಯಲ್ಲಿ ಇದು ಅಚ್ಚಾಗಿರುತ್ತದೆ. ಕೈಪಿಡಿ ಕಳೆದಿದ್ದರೆ ಸ್ಕೇಲು ಹಿಡಿದು ಅಳೆದರಾಯಿತು. ‘32ರಿಂದ 55 ಇಂಚಿಗೆ’ ಎಂದು ಬ್ರಾಕೆಟ್ಟಿನ ಡಬ್ಬದ ಮೇಲೆ ಬರೆದಿದ್ದರೆ ಅದೊಂದು ಅಂದಾಜು, ಅಷ್ಟೆ. ಹೊಂದಬೇಕಾದ್ದು ತೂತಿನ ಅಂತರ ಮತ್ತು ತೂಕ.

ತೂಕ ನೋಡುವಾಗ ‘ಸ್ಟ್ಯಾಂಡ್ ಇಲ್ಲದೆ’ ಎಂಬ ಅಂಕಿ ಸಾಕು. ಬ್ರಾಕೆಟ್ ಹೊರುವ ಗರಿಷ್ಠ ತೂಕ ಅದರ ಒಂದೂವರೆ, ಎರಡು ಪಟ್ಟಾದರೂ ಇರಲಿ. ಸಣ್ಣ ಪರದೆಗಳಿಗೆ 4 ಮಿ.ಮೀ. ದಪ್ಪದ ಎಂ4 ಸ್ಕ್ರೂ, ದೊಡ್ಡವಕ್ಕೆ ಎಂ6 ಅಥವಾ ಎಂ8 ಬೇಕು. ಮೊದಲ ನಾಲ್ಕಾರು ಸುತ್ತನ್ನು ಕೈಯಲ್ಲೇ ತಿರುಗಿಸಬೇಕು. ಕೈಗೆ ಸಲೀಸಾಗಿ ತಿರುಗದಿದ್ದರೆ ಅಳತೆ ತಪ್ಪಿದೆ ಎಂದರ್ಥ. ಉದ್ದ ಹೆಚ್ಚಾದ ಸ್ಕ್ರೂವನ್ನು ಬಲವಂತವಾಗಿ ಬಿಗಿದರೆ ಅದು ಒಳಗಿನ ಪ್ಯಾನೆಲ್ಲಿಗೇ ಚುಚ್ಚುತ್ತದೆ.

ಗೋಡೆ ಯಾವುದು?

ಹಿರೇನಲ್ಲೂರು, ಅಜ್ಜಂಪುರ, ತರೀಕೆರೆ ಕಡೆಯ ಒಂದೇ ಬೀದಿಯಲ್ಲಿ ನಾಲ್ಕು ಕಾಲದ ಗೋಡೆಗಳು ಸಿಗುತ್ತವೆ. ಅಜ್ಜನ ಕಾಲದ ಮಣ್ಣಿನ ಗೋಡೆ, ಅಪ್ಪ ಕಟ್ಟಿಸಿದ ಸುಟ್ಟ ಇಟ್ಟಿಗೆಯದು, ಮಗ ಎಬ್ಬಿಸಿದ ಸಿಮೆಂಟ್ ಬ್ಲಾಕಿನದು, ತಳಪಾಯದಿಂದ ಮೇಲೆದ್ದ ಸೈಜುಗಲ್ಲಿನದು. ಒಂದೇ ಮನೆಯೊಳಗೇ ಎರಡು ಬಗೆ ಇರುವುದೂ ಉಂಟು. ಮೇಲೆ ಸುಣ್ಣವೋ ಪೇಂಟೋ ಬಳಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಗುರುತಿಸುವ ಸುಲಭ ದಾರಿ ಡ್ರಿಲ್ಲಿನ ಪುಡಿ. ತೂತಿನ ಕೆಳಗೆ ಹಾಳೆಯೊಂದನ್ನು ಮಡಿಸಿ ಅಂಟಿಸಿ, ಬೀಳುವ ಪುಡಿ ನೋಡಿ. ಮೊದಲ ಒಂದೆರಡು ಸೆಂಟಿಮೀಟರ್ ಬರುವುದು ಪ್ಲಾಸ್ಟರಿಂಗಿನ ಬೂದು ಪುಡಿ, ಅದು ಲೆಕ್ಕಕ್ಕಿಲ್ಲ. ಆಮೇಲೆ ಕೆಂಪು ಹುಡಿ ಬಂದರೆ ಇಟ್ಟಿಗೆ. ಬೂದು ಹುಡಿಯೇ ಮುಂದುವರಿದು ಮಷೀನು ಗುರುಗುಟ್ಟಿದರೆ ಸಾಲಿಡ್ ಬ್ಲಾಕ್ ಅಥವಾ ಕಾಂಕ್ರೀಟು. ಡ್ರಿಲ್ಲಿನ ಬಿಟ್ ಸರಕ್ಕನೆ ಒಳಗೆ ಜಾರಿದರೆ ಹಾಲೋ ಬ್ಲಾಕಿನ ಟೊಳ್ಳು. ಕಂದು ಮಣ್ಣು ಮೆತ್ತಗೆ, ಶಬ್ದವೇ ಇಲ್ಲದೆ ಉದುರಿದರೆ ಅದು ಮಣ್ಣಿನ ಗೋಡೆ. ಅಲ್ಲಿಗೆ ಮಷೀನು ನಿಲ್ಲಿಸಿ ಯೋಚಿಸುವುದು ಒಳ್ಳೆಯದು.

ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪವಿದ್ದರೂ ನೇತುಹಾಕಲು ತಕ್ಕುದಲ್ಲ. ಭಾರವನ್ನು ನೇರ ಕೆಳಗೆ ಇಳಿಸುವುದು ಬೇರೆ, ಎಳೆತ ತಡೆಯುವುದು ಬೇರೆ. ಹಿರೇನಲ್ಲೂರಿನಲ್ಲೇ ಇರುವ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯದ ಕಂಬಗಳು ಶತಮಾನಗಳಿಂದ ಚಾವಣಿ ಹೊತ್ತಿರುವುದು ಮೊದಲ ಬಗೆಯ ಕೆಲಸ. ಕಲ್ಲು, ಇಟ್ಟಿಗೆ, ಮಣ್ಣು ಎಲ್ಲಕ್ಕೂ ಒತ್ತುವ ಭಾರ ತಡೆಯುವ ಶಕ್ತಿ ಜಾಸ್ತಿ, ಎಳೆಯುವ ಬಲ ತಡೆಯುವ ಶಕ್ತಿ ಕಡಿಮೆ. ಬ್ರಾಕೆಟ್ಟಿನ ಸ್ಕ್ರೂ ಗೋಡೆಯನ್ನು ಕೇಳುವುದು ಆ ಎರಡನೆಯ ಬಗೆಯ ಕೆಲಸವನ್ನು.

ಪ್ಲಗ್ ಹಿಡಿಯುವುದು ಹೇಗೆ?

ಇಟ್ಟಿಗೆಗೆ ಸ್ಕ್ರೂ ತಾನಾಗಿ ಕಚ್ಚುವುದಿಲ್ಲ. ಅದಕ್ಕೇ ನಡುವೆ ಪ್ಲಾಸ್ಟಿಕ್ ಪ್ಲಗ್ ಹೊಡೆಯುತ್ತಾರೆ. 1910ರ ಆಸುಪಾಸಿನಲ್ಲಿ ಲಂಡನ್ನಿನ ಗುತ್ತಿಗೆದಾರ ಜಾನ್ ರಾಲಿಂಗ್ಸ್ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಹಾಳಾಗದಂತೆ ವಿದ್ಯುತ್ ಉಪಕರಣ ಕೂರಿಸಲು ನಾರಿನ ಪ್ಲಗ್ ಮಾಡಿದರು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನಿನದನ್ನು ತಂದರು. ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ‘ಫಿಷರ್ ಕೊಡಿ’ ಎನ್ನುವಾಗ ನಾವು ಕರೆಯುವುದು ಆತನ ಹೆಸರನ್ನೇ.

ಕೆಲಸ ಸರಳ. ಸ್ಕ್ರೂ ಒಳಹೋದಂತೆ ಪ್ಲಗ್ ಹಿಗ್ಗಿ ತೂತಿನ ಗೋಡೆಯನ್ನು ಸುತ್ತಲೂ ಒತ್ತುತ್ತದೆ. ಆ ಒತ್ತಡದ ಘರ್ಷಣೆಯೇ ಟಿವಿಯನ್ನು ಹಿಡಿದಿರುವುದು. ಸುತ್ತ ಗಟ್ಟಿ ಇದ್ದರೆ ಹಿಡಿತ ಬಿಗಿ. ಮಣ್ಣಾದರೆ ಒತ್ತಿದಷ್ಟೂ ಹಿಂದೆ ಸರಿಯುತ್ತದೆ. ಹಾಲೋ ಬ್ಲಾಕಿನ ಟೊಳ್ಳಿನಲ್ಲಿ ಒತ್ತಲು ಏನೂ ಸಿಗುವುದಿಲ್ಲ, ಅಲ್ಲಿ ಒಳಗೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳುವ ಬೇರೆ ಬಗೆಯ ಬೋಲ್ಟ್ ಬೇಕು.

ಹಲವರು ಎಡವುವುದು ಉದ್ದದಲ್ಲಿ. ಪ್ಲಾಸ್ಟರಿಂಗ್ 12ರಿಂದ 20 ಮಿ.ಮೀ. ದಪ್ಪವಿರುತ್ತದೆ. ಅದನ್ನು ದಾಟಿ ಇಟ್ಟಿಗೆಯೊಳಕ್ಕೆ ಇನ್ನೂ ನಾಲ್ಕೈದು ಸೆಂಟಿಮೀಟರ್ ಹೋದರಷ್ಟೇ ಹಿಡಿತ. ಡಬ್ಬದೊಳಗೆ ಪುಕ್ಕಟೆ ಬಂದ ಗಿಡ್ಡ ಸ್ಕ್ರೂ ಎಷ್ಟೋ ಸಲ ಪ್ಲಾಸ್ಟರಿಂಗಿಗೇ ಮುಗಿದಿರುತ್ತದೆ. ಎರಡು ಇಟ್ಟಿಗೆಯ ನಡುವಿನ ಸಂದಿಗೆ ಬಿದ್ದ ತೂತೂ ನಂಬಿಕೆಗೆ ಅರ್ಹವಲ್ಲ. ಅಲ್ಲಿಂದ ಒಂದೆರಡು ಇಂಚು ಸರಿದು ಹೊಸದಾಗಿ ಕೊರೆಯಬೇಕೇ ಹೊರತು, ಸಡಿಲವಾದ ತೂತಿಗೆ ಬೆಂಕಿಕಡ್ಡಿ, ಕಾಗದ ತುರುಕುವುದು ಕೆಲಸವಲ್ಲ.

ತೋಳು ಚಾಚಿದಷ್ಟೂ ಎಳೆತ

ಗೋಡೆ ಬ್ರಾಕೆಟ್ಟುಗಳು ಮುಖ್ಯವಾಗಿ ಮೂರು ಬಗೆ. ಗೋಡೆಗೆ ಅಂಟಿದಂತೆ ಕೂರುವ ಸ್ಥಿರ ಬ್ರಾಕೆಟ್, ಮುಂದಕ್ಕೆ ತುಸು ಬಗ್ಗುವ ಟಿಲ್ಟ್ ಬ್ರಾಕೆಟ್, ಮೊಣಕೈಯಂತೆ ಮಡಚಿ ಚಾಚಿ ಎಡಕ್ಕೂ ಬಲಕ್ಕೂ ತಿರುಗುವ ತೋಳಿನ ಬ್ರಾಕೆಟ್. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಮೂರನೆಯದು. ಅಡುಗೆಮನೆಗೂ ತಿರುಗಿಸಬಹುದು, ಪಡಸಾಲೆಗೂ ತಿರುಗಿಸಬಹುದು ಎಂಬ ಆಕರ್ಷಣೆ.

ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ಒಂದು ಫರ್ಲಾಂಗು ನಡೆಯುವವರು ಅದೇ ಕೊಡವನ್ನು ಕೈಚಾಚಿ ಒಂದು ನಿಮಿಷ ಹಿಡಿಯಲಾರರು. ಗೋಡೆಯ ಪಾಡೂ ಅದೇ. ಟಿವಿ 10 ಕಿಲೊ, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 20 ಸೆಂ.ಮೀ. ಎಂದಿಟ್ಟುಕೊಳ್ಳಿ. ಟಿವಿ ಗೋಡೆಯಿಂದ 5 ಸೆಂ.ಮೀ. ದೂರದಲ್ಲಿದ್ದರೆ ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುವ ಬಲ ಸುಮಾರು ಎರಡೂವರೆ ಕಿಲೊ. ತೋಳನ್ನು 45 ಸೆಂ.ಮೀ. ಚಾಚಿದಿರೋ, ಅದು ಇಪ್ಪತ್ತೆರಡೂವರೆ ಕಿಲೊ ಆಗುತ್ತದೆ. ಟಿವಿ ಅದೇ, ಗೋಡೆ ಅದೇ, ಎಳೆತ ಒಂಬತ್ತು ಪಟ್ಟು. ದಿನಕ್ಕೆ ನಾಲ್ಕು ಸಲ ತಿರುಗಿಸುವ ಅಲುಗಾಟ ಇದರ ಮೇಲೆ.

ಹಾಗಾಗಿ ಕಾಂಕ್ರೀಟ್ ಅಥವಾ ಗಟ್ಟಿ ಬ್ಲಾಕಿನ ಗೋಡೆ ಇದ್ದರಷ್ಟೇ ತೋಳಿನ ಬ್ರಾಕೆಟ್ ಕಡೆಗೆ ನೋಡಬಹುದು. ಎಲ್ಲರೂ ಒಂದೇ ಕಡೆ ಕೂತು ನೋಡುವ ಮನೆಗೆ ಅದರ ಅಗತ್ಯವೂ ಇಲ್ಲ. ಸ್ಥಿರ ಬ್ರಾಕೆಟ್ಟಿನ ಬೆಲೆಯೂ ಕಡಿಮೆ, ಗೋಡೆಗೂ ನಿರಾಳ.

ಅಜ್ಜಿಯ ಕತ್ತು, ಸೋಫಾದ ಲೆಕ್ಕ

ಕಂಪನಿಗಳ ಚಿತ್ರದಲ್ಲಿ ಟಿವಿ ನೋಡುವವರು ಸೋಫಾದ ಮೇಲೆ ಕೂತಿರುತ್ತಾರೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಮೇಲಿರುತ್ತದೆ. ಆದರೆ ನಮ್ಮ ನಡುಮನೆಗಳಲ್ಲಿ ಊಟ, ಹೂ ಕಟ್ಟುವುದು, ಕಾಳು ಆರಿಸುವುದು ಎಲ್ಲ ಟಿವಿ ನೋಡುತ್ತಲೇ, ನೆಲದ ಮೇಲೆಯೇ. ನೆಲದಲ್ಲಿ ಕೂತವರ ಕಣ್ಣಿನ ಎತ್ತರ ಎರಡೂವರೆ ಅಡಿ, ಅಂದರೆ 75 ಸೆಂ.ಮೀ. ಆಸುಪಾಸು. ಸೋಫಾದ ಅಳತೆಯನ್ನು ಚಾಪೆಗೆ ಹಾಕಿದರೆ ಒಂದಡಿ ವ್ಯತ್ಯಾಸ ಅಲ್ಲೇ ಬಂತು.

ಪರದೆಯ ನಡುಭಾಗ ಕಣ್ಣಿನ ಎತ್ತರಕ್ಕೆ, ಇಲ್ಲವೇ ತುಸು ಮೇಲಕ್ಕೆ ಇರುವುದು ಹಿತ. ಎಂಟಡಿ ದೂರದಲ್ಲಿ ಚಾಪೆಯ ಮೇಲೆ ಕೂತವರಿಗೆ, ನಡುಭಾಗ ಆರಡಿ ಎತ್ತರದಲ್ಲಿರುವ ಟಿವಿ ನೋಡಲು ದೃಷ್ಟಿಯನ್ನು ಇಪ್ಪತ್ಮೂರು ಡಿಗ್ರಿಯಷ್ಟು ಮೇಲೆತ್ತಬೇಕು. ಅದೇ ನಡುಭಾಗ ಮೂರಡಿ ಎತ್ತರಕ್ಕೆ ಇಳಿದರೆ ಐದು ಡಿಗ್ರಿಯೂ ಬೇಡ. ಒಂದು ಧಾರಾವಾಹಿಗೆ ಇದು ಗೊತ್ತಾಗದು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಸಾಲುಸಾಲಾಗಿ ನೋಡುವವರ ಕುತ್ತಿಗೆಗೆ ಗೊತ್ತಾಗುತ್ತದೆ.

43 ಇಂಚಿನ ಪರದೆ ಹೆಚ್ಚುಕಡಿಮೆ 95 ಸೆಂ.ಮೀ. ಅಗಲ, 54 ಸೆಂ.ಮೀ. ಎತ್ತರ. ನೆಲದಲ್ಲಿ ಕೂರುವವರೂ ಕುರ್ಚಿಯವರೂ ಇರುವ ಮನೆಯಲ್ಲಿ ಅದರ ಕೆಳ ಅಂಚು ನೆಲದಿಂದ 65 ಸೆಂ.ಮೀ. ಇದ್ದರೆ ಇಬ್ಬರಿಗೂ ಹೊಂದುತ್ತದೆ. ಇದು ತೀರ ಕೆಳಗಾಯಿತೆಂದು ಮೊದಲಿಗೆ ಅನ್ನಿಸುವುದು ಸಹಜ. ಅನುಮಾನವಿದ್ದರೆ ತೂತು ಹೊಡೆಸುವ ಮೊದಲು ಟಿವಿಯ ಅಳತೆಗೆ ರಟ್ಟು ಕತ್ತರಿಸಿ ಗೋಡೆಗೆ ಅಂಟಿಸಿ, ಮನೆಯವರೆಲ್ಲ ತಂತಮ್ಮ ಜಾಗದಲ್ಲಿ ಕೂತು ನೋಡಲಿ.

ಮೇಲೆ ಹಾಕಿ ಟಿಲ್ಟ್ ಬ್ರಾಕೆಟ್ಟಿನಲ್ಲಿ ಮುಂದಕ್ಕೆ ಬಗ್ಗಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬಗ್ಗಿಸಿದರೆ ಬಣ್ಣ ಮಂಕಾಗುವುದು, ಟ್ಯೂಬ್‌ಲೈಟ್ ಪ್ರತಿಫಲಿಸುವುದು ತಪ್ಪುತ್ತದೆ. ಕುತ್ತಿಗೆ ಎತ್ತುವುದು ತಪ್ಪುವುದಿಲ್ಲ. ಇನ್ನು ಬಯಲುಸೀಮೆಯ ಮನೆಗಳಲ್ಲಿ ಮುಂಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಬಾಗಿಲಿಗೆ ಎದುರಿನ ಗೋಡೆಯಲ್ಲಿ ಟಿವಿ ಹಾಕಿದರೆ ಹಗಲು ಪರದೆಯಲ್ಲಿ ಕಾಣುವುದು ಬೀದಿ. ಬಾಗಿಲಿಗೆ ಪಕ್ಕವಾಗಿ ಬರುವ ಗೋಡೆ ಒಳ್ಳೆಯದು.

ಸ್ಟ್ಯಾಂಡೇ ಲೇಸು ಎನ್ನುವ ಮನೆ

ಮಣ್ಣಿನ ಗೋಡೆ, ಮಳೆಗಾಲದಲ್ಲಿ ತೇವ ಏರುವ ಹೊರಗೋಡೆ, ಮುಂದಿನ ವರ್ಷ ಬಿಡಬೇಕಾದ ಬಾಡಿಗೆ ಮನೆ: ಈ ಮೂರರಲ್ಲಿ ಯಾವುದಿದ್ದರೂ ಮೇಜು ಅಥವಾ ನೆಲದ ಸ್ಟ್ಯಾಂಡೇ ಸರಿ. ಅದರಲ್ಲಿ ಅವಮಾನವೇನಿಲ್ಲ.

ಇಲ್ಲಿ ನೋಡಬೇಕಾದ್ದು ಅಗಲ. ಈಗಿನ ಟಿವಿಗಳಿಗೆ ನಡುವೆ ಒಂದು ಪೀಠದ ಬದಲು ಎರಡು ತುದಿಗೆ ಎರಡು ಕಾಲು ಬರುವುದೇ ಹೆಚ್ಚು. ಹಳೆಯ ಟಿವಿ ಕೂತಿದ್ದ ಮೇಜು, ಷೋಕೇಸಿನ ಗೂಡು ಇದಕ್ಕೆ ಸಾಲದೆ ಹೋಗಬಹುದು. ಖರೀದಿಗೆ ಮೊದಲು ಕಾಲುಗಳ ನಡುವಿನ ಅಂತರ ಕೇಳಿ, ಮೇಜು ಅಳೆದುಕೊಂಡು ಹೋಗಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಸ್ಟ್ಯಾಂಡ್ ಮಾಡಿಸುವುದಾದರೆ ತಳ ಅಗಲವಾಗಿರಲಿ, ಟಿವಿಯ ಬೆನ್ನಿನ ತೂತಿಗೆ ಹೊಂದುವಂತೆ ಪಟ್ಟಿ ಕೊರೆಸಿ. ಹಳೆ ಮನೆಯ ಗಟ್ಟಿ ಮರದ ಕಂಬ ಸರಿಯಾದ ಜಾಗದಲ್ಲಿದ್ದರೆ ಸಣ್ಣ ಟಿವಿಯ ಬ್ರಾಕೆಟ್ಟನ್ನು ಅದಕ್ಕೇ ಕೂರಿಸಬಹುದು. ಮೊದಲು ಸಣ್ಣ ಬಿಟ್ಟಿನಲ್ಲಿ ಕೊರೆದುಕೊಳ್ಳದಿದ್ದರೆ ಒಣಗಿದ ಮರ ಸೀಳುತ್ತದೆ.

ಮೇಜಿನ ಮೇಲಿನ ಟಿವಿಗೆ ಇರುವ ನಿಜವಾದ ಅಪಾಯ ಮಕ್ಕಳು. ಹಗುರವಾದ ಟಿವಿ ಸುಲಭವಾಗಿ ಮುಂದಕ್ಕೆ ಮಗುಚುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಟಿವಿ, ಬೀರುಗಳನ್ನು ಗೋಡೆಗೆ ಕಟ್ಟಿಡಿ ಎಂದು 2015ರಲ್ಲಿ ದೇಶವ್ಯಾಪಿ ಪ್ರಚಾರ ಶುರುಮಾಡಿದ್ದು ಅವು ಮೈಮೇಲೆ ಮಗುಚಿ ಮಕ್ಕಳು ಸಾಯುತ್ತಿದ್ದುದರಿಂದಲೇ. ಬೆನ್ನಿನ ಮೇಲಿನ ಎರಡು ತೂತಿಗೆ ಗಟ್ಟಿ ಪಟ್ಟಿ ಸಿಕ್ಕಿಸಿ ಮೇಜಿಗೋ ಗೋಡೆಗೋ ಬಿಗಿದರೆ, ಮಕ್ಕಳಿಗೆ ಹೆದರಿ ಟಿವಿಯನ್ನು ಸೂರಿಗೆ ಏರಿಸುವುದು ಬೇಡ.

ಮಾನಿಟರಿಗೆ ಬೇರೆ ನಿಯಮ

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದವರೊಂದಿಗೆ ಹಳ್ಳಿಮನೆಗಳಿಗೆ ಕಂಪ್ಯೂಟರ್ ಮಾನಿಟರೂ ಬಂತು. ಟಿವಿಯನ್ನು ಎಂಟಡಿಯಿಂದ ನೋಡುತ್ತೇವೆ, ಮಾನಿಟರನ್ನು ಒಂದು ತೋಳಿನ ದೂರದಿಂದ. ಹಾಗಾಗಿ ಇಲ್ಲಿ ಎರಡು ಇಂಚಿನ ಏರುಪೇರೂ ಲೆಕ್ಕಕ್ಕೆ ಬರುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಒಂದೆರಡು ಬೆರಳು ಕೆಳಗಿರಲಿ. ಓದಲು ಕನ್ನಡಕದ ಕೆಳಭಾಗ ಬಳಸುವವರು ಇನ್ನೂ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಗಲ್ಲ ಎತ್ತಿ ಎತ್ತಿ ಓದಬೇಕಾಗುತ್ತದೆ. ಲ್ಯಾಪ್‌ಟಾಪನ್ನು ಎತ್ತರಕ್ಕೆ ಇಟ್ಟರೆ ಬೇರೆ ಕೀಬೋರ್ಡ್ ಬೇಕೇ ಬೇಕು.

24 ಇಂಚಿನ ಮಾನಿಟರ್ ಮೂರು ನಾಲ್ಕು ಕಿಲೊ, ತೂತಿನ ಅಂತರ ಸಾಮಾನ್ಯವಾಗಿ 100×100. ಎಲ್ಲ ಮಾನಿಟರಿಗೂ ತೂತು ಇರುವುದಿಲ್ಲ, ನೋಡಿ ಕೊಳ್ಳಬೇಕು. ಮೇಜಿನ ಅಂಚಿಗೆ ಕ್ಲ್ಯಾಂಪಿನಿಂದ ಬಿಗಿಯುವ ಗ್ಯಾಸ್ ಸ್ಪ್ರಿಂಗಿನ ತೋಳು ಕೊಳ್ಳುವಾಗ ಗರಿಷ್ಠ ತೂಕದ ಜೊತೆಗೆ ಕನಿಷ್ಠ ತೂಕವನ್ನೂ ಓದಿ. ಮಾನಿಟರ್ ತೀರ ಹಗುರವಾದರೆ ತೋಳು ಇಟ್ಟಲ್ಲಿ ನಿಲ್ಲದೆ ಮೇಲೇಳುತ್ತದೆ. ಪುಡಿಹಲಗೆಯ ಮೇಜಾದರೆ ಕ್ಲ್ಯಾಂಪಿನ ಕೆಳಗೊಂದು ಪ್ಲೈವುಡ್ ತುಂಡು ಇಡಬೇಕು. ಗಾಜಿನ ಮೇಜಿಗೆ ಬಿಗಿಯಲೇಬಾರದು.

ತಿರುಗುವ ತೋಳು ನಿಜಕ್ಕೂ ಉಪಯೋಗಕ್ಕೆ ಬರುವುದು ಗ್ರಾಮ ಒನ್ ಕೇಂದ್ರ, ಸೈಬರ್ ಅಂಗಡಿಯಂಥ ಕಡೆ. ಅರ್ಜಿ ಹಾಕುವವರ ಕಡೆಗೆ ಪರದೆ ತಿರುಗಿಸಿ ‘ಹೆಸರು ಸರಿ ಇದೆಯಾ ನೋಡಿ ಅಮ್ಮ’ ಎನ್ನಲು ಅನುಕೂಲ. ಮುಂದೆ ತಿದ್ದುಪಡಿಗೆ ಅಲೆಯುವುದು ಉಳಿಯುತ್ತದೆ.

ಗುಡುಗಿನ ದಿನ ಕೈಗೆ ಸಿಗಬೇಕು

ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯಲ್ಲಿ ಸಂಜೆ ಹೊತ್ತು ಗುಡುಗು ಸಿಡಿಲಿನ ಮಳೆ. ಆಕಾಶ ಕಪ್ಪಾದೊಡನೆ ಟಿವಿಯ ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ಕೀಳುವುದು ಮನೆಮನೆಯ ರೂಢಿ, ಒಳ್ಳೆಯ ರೂಢಿ. ಆದರೆ ಅಂದ ಕೆಡಬಾರದೆಂದು ಸಾಕೆಟ್ಟನ್ನು ಟಿವಿಯ ಹಿಂದೆಯೇ ಅಡಗಿಸಿದರೆ, ಗೋಡೆಗಂಟಿದ ಬ್ರಾಕೆಟ್ಟಿನ ಎರಡು ಬೆರಳಿನ ಸಂದಿಯಲ್ಲಿ ಕೈ ಹೋಗುವುದಿಲ್ಲ. ಸಾಕೆಟ್ ಟಿವಿಯ ಪಕ್ಕಕ್ಕೆ ಇರಲಿ. ಪೆನ್‌ಡ್ರೈವ್ ಹಾಕುವ ಕಿಂಡಿ, ಸೆಟ್‌ಟಾಪ್ ಬಾಕ್ಸಿನ ಕೇಬಲ್ ಸಿಗಿಸುವ ಜಾಗವೂ ಕೈಗೆಟುಕುವಂತಿದೆಯೇ ಎಂದು ಬ್ರಾಕೆಟ್ ಬಿಗಿಯುವ ಮೊದಲೇ ನೋಡಬೇಕು.

ಹೊರಗಿನಿಂದ ಬರುವ ಡಿಶ್ಶಿನ ಕೇಬಲ್ಲು ಗೋಡೆಯೊಳಗೆ ನುಸುಳುವ ಮುನ್ನ ಒಂದು ಸುತ್ತು ಕೆಳಕ್ಕೆ ಜೋತುಬಿದ್ದಿರಲಿ. ಮಳೆನೀರು ಕೇಬಲ್ ಹಿಡಿದು ಒಳಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಹೊಡೆಯಬೇಡಿ. ಗೋಡೆಯೊಳಗಿನ ವೈರಿನ ಪೈಪು ಸಾಮಾನ್ಯವಾಗಿ ಓಡಿರುವುದು ಆ ಗೆರೆಯಲ್ಲೇ. ಬಚ್ಚಲಿಗೆ ಹೊಂದಿದ ಗೋಡೆಯಾದರೆ ನೀರಿನ ಪೈಪು ಎಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ.

ಪ್ಲಾಸ್ಟರಿಂಗಿಗೆ ಮುಂಚೆ

ಹೊಸ ಮನೆ ಕಟ್ಟಿಸುತ್ತಿರುವವರಿಗೆ ಇದೆಲ್ಲ ಅರ್ಧ ದಿನದ ಕೆಲಸ. ಗೋಡೆ ಎದ್ದು ಪ್ಲಾಸ್ಟರಿಂಗ್ ಆಗುವ ಮೊದಲು ಮೇಸ್ತ್ರಿಯನ್ನೂ ವೈರಿಂಗಿನವರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಟಿವಿಯ ಜಾಗ ತೋರಿಸಬೇಕು. ಆ ಭಾಗಕ್ಕೆ ಹಾಲೋ ಬದಲು ಸಾಲಿಡ್ ಬ್ಲಾಕ್ ಇಡಿಸಿ. ಪಕ್ಕಕ್ಕೆ ಸಾಕೆಟ್, ಮೇಲಿಂದ ಕೆಳಕ್ಕೆ ಕೇಬಲ್ ಇಳಿಯಲು ಒಂದು ಅಗಲವಾದ ಖಾಲಿ ಪೈಪು ಬಿಡಿಸಿ. ಪ್ಲಾಸ್ಟರಿಂಗ್ ಆಗುವ ಮುನ್ನ ಮೊಬೈಲಿನಲ್ಲಿ ಗೋಡೆಯ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಎಲ್ಲಿ ಪೈಪು, ಎಲ್ಲಿ ಗಟ್ಟಿ ಎಂದು ತಡಕಾಡುವುದು ತಪ್ಪುತ್ತದೆ.

ತೂತಿನ ಅಳತೆ ಎಲ್ಲ ಕಂಪನಿಗಳಿಗೂ ಸಮಾನವಾದ್ದರಿಂದ ಒಂದು ಒಳ್ಳೆಯ ಬ್ರಾಕೆಟ್ ಮುಂದಿನ ಟಿವಿಗೂ ಬರುತ್ತದೆ. ಟಿವಿಯ ಬೆಲೆಯಲ್ಲಿ ಸಣ್ಣದೊಂದು ಪಾಲನ್ನು ಗಟ್ಟಿ ಬ್ರಾಕೆಟ್ಟಿಗೆ, ಉದ್ದದ ಸ್ಕ್ರೂಗೆ, ಕೆಲಸ ಬಲ್ಲವರ ಕೂಲಿಗೆ ಎತ್ತಿಡಿ. ಡ್ರಿಲ್ ಹಿಡಿದು ಬಂದವರು ‘ಎಲ್ಲಿಗೆ ಹಾಕ್ಲಿ’ ಎಂದಾಗ, ‘ಮೊದಲು ಒಂದು ತೂತು ಹೊಡೆದು ಪುಡಿ ತೋರಿಸಪ್ಪ’ ಎನ್ನಲು ಹಿಂಜರಿಯಬೇಡಿ.